ಹತ್ತು ಕಟ್ಟಳೆ, ಮೂರು ಚಿಲ್ಲರೆ ಉಪಯೋಗ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಉದ್ದನೆಯ ಕಾಂಪೌಂಡು ಗೋಡೆ ಇದೆ. ಯಾವ ಕಾಲದಲ್ಲಿ ಯಾರು ಶುರು ಮಾಡಿದರೋ, ಆ ಗೋಡೆ ಕಂಡೊಡನೆ ಗಂಡಸರಿಗೆ ಒತ್ತಡ ಬರುತ್ತದೆ. ಮೊದಲು ಅಲ್ಲಿ ‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’ ಎಂದು ದಪ್ಪಕ್ಷರದಲ್ಲಿ ಬರೆಸಿದರು. ಅಲ್ಲಿಯವರೆಗೆ ಅತ್ತಿತ್ತ ನೋಡಿ ಸಂಕೋಚಪಡುತ್ತಿದ್ದವರಿಗೂ ಜಾಗ ಇದೇ ಎಂದು ಖಾತ್ರಿಯಾಯಿತು. ಆಮೇಲೆ ಕೆಳಗೊಂದು ಸಾಲು ಸೇರಿಸಿ ದಂಡದ ಮೊತ್ತ ಬರೆಸಿದರು. ಕೆಲವೇ ದಿನಗಳಲ್ಲಿ ಆ ಸಾಲು ಸಾರ್ವಜನಿಕರಿಂದಲೇ ಅಳಿಸಿಹೋಗಿ, ದಂಡ ಎಷ್ಟೆಂದು ಯಾರಿಗೂ ತಿಳಿಯದಾಯಿತು. ಕೊನೆಗೆ ಯಾರೋ ಬುದ್ಧಿವಂತರು ದೇವರ ಟೈಲ್ಸು ತಂದು ಅಂಟಿಸಿದರು: ಗಣಪತಿ, ವೆಂಕಟರಮಣ, ಮೆಕ್ಕಾದ ಚಿತ್ರ, ಪಕ್ಕದಲ್ಲಿ ಶಿಲುಬೆ. ಗೋಡೆ ಒಣಗಿತು. ಜನ ಹತ್ತು ಹೆಜ್ಜೆ ಮುಂದೆ, ಟೈಲ್ಸು ಮುಗಿಯುವ ಕಡೆಗೆ ಹೋದರು.

ನಮ್ಮ ಬೀದಿಯಲ್ಲೇ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಪ್ರೊಟೆಸ್ಟೆಂಟ್ ಕ್ರೈಸ್ತರು. ವಾರವೆಲ್ಲ ಶಾಲೆಯಲ್ಲಿ ಲೆಕ್ಕ, ಭಾನುವಾರ ಸಂಡೇ ಸ್ಕೂಲಿನಲ್ಲಿ ದೇವರ ಹತ್ತು ಕಟ್ಟಳೆ, ಹೀಗೆ ಎರಡನ್ನೂ ಬಾಯಿಪಾಠ ಮಾಡಿಸಿ ಮಾಡಿಸಿ ದನಿ ಸವೆಸಿಕೊಂಡವರು. ಸಂಜೆ ವಾಕಿಂಗಿನಲ್ಲಿ ಆ ಗೋಡೆಯ ಮುಂದೆ ನಿಂತು ಹೇಳಿದರು:

“ನೋಡಿ ಸ್ವಾಮಿ, ಇದಕ್ಕೆ ನಮ್ಮಲ್ಲಿ ಮೊದಲನೇ ಉಪಯೋಗ ಅಂತಾರೆ.”

“ಯಾವುದರ ಉಪಯೋಗ ಮೇಷ್ಟ್ರೇ? ಟೈಲ್ಸಿಂದಾ?”

“ಧರ್ಮಶಾಸ್ತ್ರದ್ದು, ಅಂದ್ರೆ ದೇವರ ಕಟ್ಟಳೆಯದ್ದು. ಒಳಗೆ ಮನುಷ್ಯ ಹಾಗೇ ಇರ್ತಾನೆ. ಗೋಡೆ ಒದ್ದೆಯಾಗಲ್ಲ. ಅಷ್ಟೇ ಇದರ ಕೆಲಸ.”

“ಅಂದ್ರೆ ಎರಡನೇದೂ ಇದೆ?”

“ಮೂರಿವೆ. ಅದಕ್ಕಾಗಿ ಐನೂರು ವರ್ಷದಿಂದ ಹೊಡೆದಾಡ್ತಿದೀವಿ,” ಎಂದು ಕೋಲು ಊರಿಕೊಂಡು ಮುಂದೆ ನಡೆದರು.

ಈ ಹೊಡೆದಾಟದ ಕಥೆ ಕೇಳಿದ ಮೇಲೆ ನನಗೆ ಕುತೂಹಲ ಹತ್ತಿತು. ಕಟ್ಟಳೆ ಯಾಕಿದೆ ಎಂಬುದು ಎಂಥ ಪ್ರಶ್ನೆ! ಪಾಲಿಸುವುದಕ್ಕೆ ಇದೆ. ಚಪ್ಪಲಿ ಯಾಕಿದೆ ಎಂದು ಯಾರಾದರೂ ಗ್ರಂಥ ಬರೆಯುತ್ತಾರೆಯೇ? ಆದರೆ ಕ್ರೈಸ್ತ ಚಿಂತಕರು ಬರೆದಿದ್ದಾರೆ, ಕಪಾಟುಗಟ್ಟಲೆ. ಮೇಷ್ಟ್ರ ಮನೆಯ ಕಪಾಟಿನಿಂದ ಕೆಲವು ಎರವಲು ತಂದು ಓದತೊಡಗಿದೆ. ಓದಿದಷ್ಟೂ ಪಾಲಿಸುವುದಕ್ಕೆ ಎಂಬ ಉತ್ತರ ಹಿಂದೆ ಹಿಂದೆ ಸರಿಯುತ್ತ ಹೋಯಿತು.

ಮೊದಲನೆಯ ತಮಾಷೆ ಎಣಿಕೆಯದು. ಕಟ್ಟಳೆಗಳು ಹತ್ತು ಎಂಬುದರಲ್ಲಿ ಎಲ್ಲರದೂ ಒಮ್ಮತ. ವಿಮೋಚನಕಾಂಡದ 20ನೇ ಅಧ್ಯಾಯದಲ್ಲೂ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲೂ ಇವೆ. ಆದರೆ ಅಲ್ಲಿ ಕ್ರಮಸಂಖ್ಯೆ ಹಾಕಿಲ್ಲ. ಕ್ಯಾಥೊಲಿಕರೂ ಲೂಥರನ್ನರೂ ಸಂತ ಅಗಸ್ಟೀನನ ಲೆಕ್ಕ ಹಿಡಿದರು. ಅನ್ಯದೇವರು ಕೂಡದು, ವಿಗ್ರಹ ಕೂಡದು ಎಂಬೆರಡನ್ನು ಅವರು ಒಂದೇ ಎಂದು ಎಣಿಸಿ, ಕೊನೆಗೆ ಪರರದಕ್ಕೆ ಆಸೆಪಡುವುದನ್ನು ಎರಡಾಗಿ ಸೀಳುತ್ತಾರೆ. ಕ್ಯಾಲ್ವಿನ್ ಪಂಥದವರೂ ಆಂಗ್ಲಿಕನ್ನರೂ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಪರಿಣಾಮ ಏನೆಂದರೆ, ಆರನೆಯ ಕಟ್ಟಳೆ ಕ್ಯಾಥೊಲಿಕರಲ್ಲಿ ವ್ಯಭಿಚಾರ, ಆಂಗ್ಲಿಕನ್ನರಲ್ಲಿ ಕೊಲೆ. ಯಾರಾದರೂ ನಿಮ್ಮ ಹತ್ತಿರ ಬಂದು ‘ಆರನೆಯದನ್ನು ಮೀರಿಬಿಟ್ಟೆ’ ಎಂದು ಅತ್ತರೆ, ಪೊಲೀಸರನ್ನು ಕರೆಯಬೇಕೋ ಅವನ ಹೆಂಡತಿಯನ್ನು ಕರೆಯಬೇಕೋ ಎಂದು ನಿರ್ಧರಿಸುವ ಮುಂಚೆ ಅವನ ಚರ್ಚು ಯಾವುದೆಂದು ವಿಚಾರಿಸಬೇಕು.

ಎರಡನೆಯ ತಮಾಷೆ 1631ರ ಲಂಡನ್ನಿನದು. ರಾಬರ್ಟ್ ಬಾರ್ಕರ್, ಮಾರ್ಟಿನ್ ಲೂಕಸ್ ಎಂಬ ರಾಜಮುದ್ರಕರು ಬೈಬಲ್ಲಿನ ಹೊಸ ಮುದ್ರಣ ತಂದರು. ಅಚ್ಚಿನ ಮೊಳೆ ಜೋಡಿಸುವವನ ಕೈತಪ್ಪಿ ವ್ಯಭಿಚಾರದ ಕಟ್ಟಳೆಯಲ್ಲಿದ್ದ ನಿಷೇಧದ ಮೂರಕ್ಷರದ ಪದ ಬಿದ್ದುಹೋಯಿತು. ಕೂಡದು ಎಂದಿದ್ದದ್ದು ಕಡ್ಡಾಯವಾಯಿತು. ಒಂದನೇ ಚಾರ್ಲ್ಸ್ ದೊರೆ ಕೆಂಡವಾದ. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು, ಲೈಸೆನ್ಸು ಹೋಯಿತು, ಸಿಕ್ಕ ಪ್ರತಿಗಳನ್ನೆಲ್ಲ ನಾಶ ಮಾಡಿದರು. ಉಳಿದುಕೊಂಡ ಕೆಲವೇ ಪ್ರತಿಗಳನ್ನು ‘ದುಷ್ಟ ಬೈಬಲ್’ ಎಂದು ಹೆಸರಿಟ್ಟು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಮೊಳೆ ಬಿದ್ದುಹೋದ ಮಾತ್ರಕ್ಕೆ ಲಂಡನ್ನಿನ ದಂಪತಿಗಳು ಕೆಟ್ಟುಹೋದರೆಂದು ನನಗನ್ನಿಸುವುದಿಲ್ಲ. ಮೊಳೆ ಸರಿಯಾಗಿದ್ದ ಬೈಬಲ್ ಓದಿದವರು ಅದರಿಂದಲೇ ಸರಿಯಾಗಿದ್ದರೆಂದೂ ಅನ್ನಿಸುವುದಿಲ್ಲ. ಹಾಗಾದರೆ ಆ ಮೂರಕ್ಷರ ಮಾಡುವ ಕೆಲಸವೇನು?

ಇದೇ ಪ್ರಶ್ನೆಯನ್ನು ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಕೇಳಿಕೊಂಡು ತಾನೇ ಉತ್ತರ ಕೊಡುತ್ತಾನೆ. ಯೆಹೂದ್ಯರ ಫರಿಸಾಯ ಪಂಥದಲ್ಲಿ ಕಟ್ಟುನಿಟ್ಟಾಗಿ ಬೆಳೆದವನು, ಕಟ್ಟಳೆಯ ಅಕ್ಷರ ಅಕ್ಷರ ಬಲ್ಲವನು. ಅವನು ಕೊಡುವ ಉತ್ತರ ಮಾತ್ರ ವಕೀಲರನ್ನು ದಂಗುಬಡಿಸುವಂಥದ್ದು. ಧರ್ಮಶಾಸ್ತ್ರದಿಂದ ಬರುವುದು ನೀತಿಯಲ್ಲ, ಪಾಪದ ಅರಿವು. ಆಸೆಪಡಬಾರದೆಂದು ಹೇಳದೇ ಹೋಗಿದ್ದರೆ ಆಸೆ ಎಂದರೇನೆಂದೇ ತನಗೆ ತಿಳಿಯುತ್ತಿರಲಿಲ್ಲ ಎಂದು ರೋಮಾಪುರದವರಿಗೆ ಬರೆಯುತ್ತಾನೆ. ಅಷ್ಟಕ್ಕೇ ನಿಲ್ಲದೆ, ಅಪರಾಧ ಹೆಚ್ಚಲಿ ಎಂದೇ ಧರ್ಮಶಾಸ್ತ್ರ ನಡುವೆ ಬಂತು ಎಂದುಬಿಡುತ್ತಾನೆ. ಕಾಯಿದೆ ತಂದ ಸರ್ಕಾರವೇ ‘ಇದನ್ನು ನೀವು ಪಾಲಿಸಲಾರಿರಿ, ಅದು ನಿಮಗೆ ಮನದಟ್ಟಾಗಲಿ ಎಂದೇ ತಂದೆವು’ ಎಂದು ಹೇಳಿದರೆ ಯಾವ ಹೈಕೋರ್ಟು ಒಪ್ಪೀತು?

ಗಲಾತ್ಯದ ಪತ್ರದಲ್ಲಿ ಅವನು ಇನ್ನೊಂದು ಚಿತ್ರ ಕೊಡುತ್ತಾನೆ, ನನಗೆ ಬಹಳ ಹಿಡಿಸಿದ್ದು. ಆ ಕಾಲದ ಗ್ರೀಕ್, ರೋಮನ್ ಉಳ್ಳವರ ಮನೆಗಳಲ್ಲಿ ಹುಡುಗನನ್ನು ಪಾಠಶಾಲೆಗೆ ಕರೆದುಕೊಂಡು ಹೋಗಿ ಬರುವುದಕ್ಕೆಂದೇ ಒಬ್ಬ ಗುಲಾಮನಿರುತ್ತಿದ್ದ. ಸಾಮಾನ್ಯವಾಗಿ ಬೇರೆ ಕೆಲಸಕ್ಕಾಗದ ಮುದುಕ. ಪಾಠ ಹೇಳುವವನು ಅವನಲ್ಲ. ಹುಡುಗನ ಸಾಮಾನು ಹೊರುವುದು, ನಸುಕಿನಲ್ಲಿ ದೀಪ ಹಿಡಿಯುವುದು, ದಾರಿಯಲ್ಲಿ ಪೋಲಿಗಳ ಜೊತೆ ಸೇರದಂತೆ ಕಾಯುವುದು, ಮಾತು ಕೇಳದಿದ್ದರೆ ಕಿವಿ ಹಿಂಡುವುದು ಅವನ ಕೆಲಸ. ಹುಡುಗ ದೊಡ್ಡವನಾದ ದಿನ ಅವನ ನೌಕರಿ ಮುಗಿಯಿತು. ಕ್ರಿಸ್ತನ ಬಳಿಗೆ ಹೋಗುವವರೆಗೆ ಧರ್ಮಶಾಸ್ತ್ರ ನಮಗೆ ಇಂಥ ಮುದುಕನಾಗಿತ್ತು ಎನ್ನುತ್ತಾನೆ ಪೌಲ. ಮುದುಕನಿಗೆ ಪಿಂಚಣಿ ಇತ್ತೋ ಇಲ್ಲವೋ ಹೇಳುವುದಿಲ್ಲ. ಮುಂದೆ ಎದ್ದ ಜಗಳವೆಲ್ಲ ಈ ಮುದುಕನನ್ನು ಮನೆಯಿಂದ ಕಳಿಸಬೇಕೋ ಇಟ್ಟುಕೊಳ್ಳಬೇಕೋ ಎಂಬುದರ ಮೇಲೆಯೇ.

ಇಲ್ಲೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಯೆಹೂದ್ಯರಿಗೆ ಈ ಚಿತ್ರ ಒಪ್ಪಿಗೆಯಿಲ್ಲ. ಹತ್ತಲ್ಲ, 613 ವಿಧಿಗಳನ್ನು ಎಣಿಸಿದವರು ಅವರ ರಬ್ಬಿಗಳು. ಅವರಿಗೆ ತೋರಾ, ಅಂದರೆ ಧರ್ಮಶಾಸ್ತ್ರ, ದೇವರು ಕೊಟ್ಟ ಉಡುಗೊರೆ. ವರ್ಷಕ್ಕೊಮ್ಮೆ ತೋರಾದ ಸುರುಳಿಯನ್ನು ಎತ್ತಿಕೊಂಡು ಕುಣಿಯುವ ಹಬ್ಬವೇ ಇದೆ. ಬೈಬಲ್ಲಿನ ಕೀರ್ತನೆಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, 176 ವಚನಗಳ 119ನೆಯದು, ಇಡೀ ಕಟ್ಟಳೆಯ ಹೊಗಳಿಕೆ. ಕಾಯಿದೆ ಪುಸ್ತಕ ಎತ್ತಿಕೊಂಡು ಕುಣಿದ ವಕೀಲರನ್ನು ನಾನಂತೂ ಕಂಡಿಲ್ಲ. ಧರ್ಮಶಾಸ್ತ್ರ ಎಂದೊಡನೆ ಗದರುವ ಮುದುಕನನ್ನು ನೆನೆಯುವುದು ಕ್ರೈಸ್ತರ ಅಭ್ಯಾಸ. ಅದನ್ನು ಯೆಹೂದ್ಯರ ತಲೆಗೆ ಕಟ್ಟಬಾರದು.

‘ಬೇಡ’ ಎಂದರೆ ಬೇಕೆನ್ನಿಸುವ ವಿದ್ಯಮಾನವನ್ನು ಪೌಲನ ನಂತರ ಎಲ್ಲರಿಗಿಂತ ಚೆನ್ನಾಗಿ ಹಿಡಿದವನು ಅಗಸ್ಟೀನ್. ಉತ್ತರ ಆಫ್ರಿಕದ ಥಗಾಸ್ತೆ ಎಂಬ ಊರಿನವನು. ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಪಟಾಲಮ್ಮು ಕಟ್ಟಿಕೊಂಡು ರಾತ್ರಿ ಪಕ್ಕದ ತೋಟಕ್ಕೆ ನುಗ್ಗಿ ಮರಸೇಬಿನ ಮರ ಬೋಳಿಸಿದ. ತನ್ನ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿದ್ದವು. ಹಸಿವೂ ಇರಲಿಲ್ಲ. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ನಲವತ್ತು ದಾಟಿ, ಬಿಷಪ್ ಆದಮೇಲೆ, ಆತ್ಮಕಥೆಯಲ್ಲಿ ಈ ಜುಜುಬಿ ಕಳ್ಳತನಕ್ಕೆ ಪುಟಗಟ್ಟಲೆ ಕೊಡುತ್ತಾನೆ. ಅದೇ ಪುಸ್ತಕದಲ್ಲಿ ಅವನ ಪ್ರೇಮಪ್ರಕರಣಗಳಿವೆ, ಮದುವೆಯಿಲ್ಲದೆ ಹುಟ್ಟಿದ ಮಗನಿದ್ದಾನೆ. ಓದುಗರು ಆ ಪುಟ ಹುಡುಕುತ್ತಿದ್ದರೆ ಇವನು ಹಣ್ಣಿನ ಮರದ ಕೆಳಗೇ ನಿಂತಿರುತ್ತಾನೆ. ಏಕೆಂದರೆ ಇಲ್ಲಿ ನೆಪವೇ ಇಲ್ಲ. ಹಣ್ಣು ಬೇಕಾಗಿರಲಿಲ್ಲ. ಕೂಡದೆಂಬುದೇ ರುಚಿ. ನಮ್ಮ ಗೋಡೆಯ ಮೇಲಿನ ದಪ್ಪಕ್ಷರದ ಬರಹ ಮೊದಲು ಮಾಡಿದ ಕೆಲಸವೂ ಅದೇ.

ಸುವಾರ್ತೆಗಳಲ್ಲಿ ಬರುವ ಆಸ್ತಿವಂತ ಯುವಕನಿಗೆ ಈ ಕಷ್ಟವಿಲ್ಲ. ನಿತ್ಯಜೀವಕ್ಕೆ ಏನು ಮಾಡಬೇಕೆಂದು ಬಂದು ಕೇಳುತ್ತಾನೆ. ಯೇಸು ಕಟ್ಟಳೆಗಳನ್ನು ಹೇಳುತ್ತಾನೆ. ಅವೆಲ್ಲ ಚಿಕ್ಕಂದಿನಿಂದ ಪಾಲಿಸಿದ್ದೇನೆ ಎನ್ನುತ್ತಾನೆ ಯುವಕ, ಫಾರಂ ತುಂಬಿ ಮುಗಿಸಿದವನ ದನಿಯಲ್ಲಿ. ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದನೆಂದು ಮಾರ್ಕನು ಬರೆಯುತ್ತಾನೆ. ಆಮೇಲೆ ಹೇಳುತ್ತಾನೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ. ಯುವಕ ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಾನೆ. ಬೈಗುಳವಿಲ್ಲ, ಶಾಪವಿಲ್ಲ. ತನ್ನದೇ ಲೆಕ್ಕದಲ್ಲಿ ಹತ್ತಕ್ಕೆ ಹತ್ತು ತೆಗೆದವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಗೊತ್ತಾಯಿತು. ಮೇಷ್ಟ್ರು ಎರಡನೇ ಉಪಯೋಗ ಎನ್ನುವುದು ಇದನ್ನು. ಕ್ಯಾಲ್ವಿನ್ ಇದಕ್ಕೆ ಕನ್ನಡಿ ಎಂದ: ಮುಖದ ಮಸಿ ತೋರಿಸುತ್ತದೆ, ತೊಳೆಯುವುದಿಲ್ಲ.

ಈ ಕನ್ನಡಿಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವನು ಮಾರ್ಟಿನ್ ಲೂಥರ್. 1505ರಲ್ಲಿ, ಬಿರುಮಳೆಯಲ್ಲಿ ಪಕ್ಕದಲ್ಲೇ ಸಿಡಿಲು ಬಡಿದಾಗ ಹೆದರಿ ಹರಕೆ ಹೊತ್ತು, ಓದುತ್ತಿದ್ದ ಕಾನೂನು ಬಿಟ್ಟು ಏರ್ಫರ್ಟಿನ ಮಠ ಸೇರಿದ. ಕಾನೂನು ಅವನನ್ನು ಬಿಡಲಿಲ್ಲ. ಮಠದಲ್ಲಿ ಪಾಪನಿವೇದನೆಗೆ ಕೂತರೆ ಒಮ್ಮೊಮ್ಮೆ ಆರಾರು ಗಂಟೆ. ಎದ್ದು ಹೋದವನು ಇನ್ನೊಂದು ನೆನಪಾಯಿತೆಂದು ವಾಪಸು ಬರುತ್ತಿದ್ದ. ಗುರು ಸ್ಟೌಪಿಟ್ಸ್ ರೋಸಿಹೋಗಿ, ಕ್ಷಮಿಸುವುದಕ್ಕೆ ಲಾಯಕ್ಕಾದ ಪಾಪ ಏನಾದರೂ ಮಾಡಿಕೊಂಡು ಬಾರಯ್ಯ, ಈ ಚಿಲ್ಲರೆ ತರಬೇಡ ಎಂದು ಗದರಿದರೆಂದು ಹೇಳುತ್ತಾರೆ. ನನಗೆ ಆ ಗುರುವಿನ ಮೇಲೆ ಕನಿಕರ. ಆರು ಗಂಟೆ ಇನ್ನೊಬ್ಬನ ಸಣ್ಣ ಪಾಪಗಳನ್ನು ಕೇಳಿಸಿಕೊಳ್ಳುವುದೇ ಒಂದು ಪ್ರಾಯಶ್ಚಿತ್ತ. ಮುಂದೆ ಪೌಲನ ಪತ್ರ ಓದುತ್ತ ಲೂಥರನಿಗೆ, ದೇವರ ಮುಂದೆ ನೀತಿವಂತನಾಗುವುದು ಸಂಪಾದನೆಯಿಂದಲ್ಲ, ನಂಬಿದವನಿಗೆ ಪುಕ್ಕಟೆ ಸಿಗುವ ಕೃಪೆಯಿಂದ ಎಂದು ಹೊಳೆಯಿತು. ಮುದುಕ ಕಾವಲುಗಾರ ಇನ್ನು ಕಿವಿ ಹಿಂಡಲಾರ.

ಇದನ್ನು ಕೇಳಿದ ಸಾಕ್ಸನಿಯ ಹಳ್ಳಿಗರಿಗೆ ಬಹಳ ಸಂತೋಷವಾಯಿತು, ಸ್ವಲ್ಪ ಜಾಸ್ತಿಯೇ ಆಯಿತು. 1528ರ ಸುಮಾರಿಗೆ ಲೂಥರನೂ ಅವನ ಸಂಗಡಿಗರೂ ಹಳ್ಳಿ ಹಳ್ಳಿಯ ಚರ್ಚು ತನಿಖೆ ಮಾಡಿದಾಗ, ಜನಕ್ಕೆ ಹತ್ತು ಕಟ್ಟಳೆಯಿರಲಿ, ಕರ್ತನ ಪ್ರಾರ್ಥನೆಯೂ ಬರುವುದಿಲ್ಲ, ಕೆಲವು ಪಾದ್ರಿಗಳಿಗೂ ಬರುವುದಿಲ್ಲ ಎಂದು ತಿಳಿಯಿತು. ಹೊಸ ಸ್ವಾತಂತ್ರ್ಯವನ್ನು ದುರುಪಯೋಗ ಮಾಡುವುದು ಮಾತ್ರ ಎಲ್ಲರಿಗೂ ಚೆನ್ನಾಗಿ ಬಂದಿತ್ತು. ಆ ಸಿಟ್ಟಿನಲ್ಲಿ 1529ರಲ್ಲಿ ಬರೆದದ್ದೇ ‘ಸಣ್ಣ ಕ್ಯಾಟಕಿಸಂ’ ಎಂಬ ಪ್ರಶ್ನೋತ್ತರದ ಪಾಠಪುಸ್ತಕ. ಅದರ ಮೊದಲ ಅಧ್ಯಾಯವೇ ಹತ್ತು ಕಟ್ಟಳೆ. ಮುದುಕನನ್ನು ಬೀಳ್ಕೊಟ್ಟವನೇ ಮತ್ತೆ ಕರೆಸಿದ.

ಇಲ್ಲಿ ಬರುತ್ತಾನೆ ಯೊಹಾನ್ ಅಗ್ರಿಕೋಲ. ಲೂಥರ್ ಹುಟ್ಟಿದ ಐಸ್ಲೆಬೆನ್ ಊರಿನವನೇ, ಹತ್ತು ವರ್ಷ ಚಿಕ್ಕವನು, ಶಿಷ್ಯ, ಆಪ್ತ. ಜರ್ಮನ್ ಗಾದೆಗಳನ್ನು ಕೂಡಿಹಾಕಿ ಪುಸ್ತಕ ಮಾಡಿದವನು. ಗಾದೆ ಸಂಗ್ರಹಿಸುವವರ ಬಗ್ಗೆ ನನಗೆ ಮೊದಲಿನಿಂದ ಗೌರವ. ಗುರು ಹೇಳಿದ್ದನ್ನು ಇವನು ಅಕ್ಷರಶಃ ನಂಬಿದ. ಸುವಾರ್ತೆ ಸಿಕ್ಕ ಮೇಲೆ ಕಟ್ಟಳೆಯನ್ನು ಪೀಠದಿಂದ ಸಾರುವುದೇಕೆ? ಪಶ್ಚಾತ್ತಾಪ ಹುಟ್ಟಬೇಕಾದದ್ದು ಹೆದರಿಕೆಯಿಂದಲ್ಲ, ಕ್ರಿಸ್ತನಿಗೆ ನಾವೇನು ಮಾಡಿದೆವು ಎಂದು ಕಂಡಾಗ. ಹತ್ತು ಕಟ್ಟಳೆಯ ಜಾಗ ಊರಿನ ಕಚೇರಿ, ಚರ್ಚಲ್ಲ. ಈ ಅರ್ಥದ ಮಾತುಗಳು ಅವನ ಹೆಸರಿನಲ್ಲಿ ಓಡಾಡಿದವು. ಓದಿದಾಗ ನನಗಂತೂ ಇವನದೇ ಸರಿ ಅನ್ನಿಸಿತು. ಹೊಡೆಸಿಕೊಂಡು ಒಳ್ಳೆಯವನಾದವನು ಕೋಲು ಮರೆಯಾದೊಡನೆ ಟೈಲ್ಸಿನ ಆಚೆಗೆ ಹೋಗುವವನೇ ಅಲ್ಲವೇ?

ಜಗಳ ಬರೀ ಗ್ರಂಥದಲ್ಲಿ ನಡೆಯಲಿಲ್ಲ ಎಂಬುದೇ ಇದರ ಸ್ವಾರಸ್ಯ. 1536ರ ಕೊನೆಯಲ್ಲಿ ಅಗ್ರಿಕೋಲ ಹೆಂಡತಿ, ಒಂಬತ್ತು ಮಕ್ಕಳ ಸಮೇತ ವಿಟೆನ್‌ಬರ್ಗಿಗೆ ಬಂದು ಇಳಿದದ್ದು ಲೂಥರನ ಮನೆಯಲ್ಲೇ. ಅದು ಮೊದಲು ಮಠವಾಗಿದ್ದ ದೊಡ್ಡ ಕಟ್ಟಡ. ಲೂಥರನ ಹೆಂಡತಿ ಕಥರೀನ ಅಲ್ಲಿ ತನ್ನ ಮಕ್ಕಳು, ನೆಂಟರು, ಊಟಕ್ಕಿದ್ದ ವಿದ್ಯಾರ್ಥಿಗಳು ಎಲ್ಲರನ್ನೂ ಸಂಭಾಳಿಸುತ್ತಿದ್ದಳು. ಅದರ ಮೇಲೆ ಈ ಹನ್ನೊಂದು ಜನ. 1537ರ ಆರಂಭದಲ್ಲಿ ಲೂಥರ್ ಷ್ಮಾಲ್ಕಾಲ್ಡೆನ್ನಿನ ಸಭೆಗೆ ಹೊರಟಾಗ ತನ್ನ ಪೀಠ, ಪಾಠ ಎಲ್ಲವನ್ನೂ ಇವನಿಗೇ ಒಪ್ಪಿಸಿ ಹೋದ. ವಾಪಸು ಬಂದ ಮೇಲೆ ಇವನ ಬೋಧನೆ ಒಂದೊಂದಾಗಿ ಕಿವಿಗೆ ಬಿತ್ತು. ಡಿಸೆಂಬರಿನ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಬಹಿರಂಗ ವಾಗ್ವಾದ ಶುರುವಾಯಿತು. ಅದು 1540ರವರೆಗೆ ಬಿಟ್ಟು ಬಿಟ್ಟು ನಡೆಯಿತು. ನಡುವೆ 1539ರಲ್ಲಿ ಲೂಥರ್ ಬಹಿರಂಗ ಪತ್ರವನ್ನೂ ಅಚ್ಚು ಹಾಕಿಸಿದ. ಅಡುಗೆಮನೆಯಲ್ಲಿ ಕಥರೀನಳಿಗೂ ಅಗ್ರಿಕೋಲನ ಹೆಂಡತಿಗೂ ನಡೆದ ವಾಗ್ವಾದವೇನಾದರೂ ಇದ್ದರೆ ಅದನ್ನು ಯಾರೂ ಅಚ್ಚು ಹಾಕಿಸಿಲ್ಲ. ಸಾಹಿತ್ಯಕ್ಕೆ ಅದು ನಷ್ಟ.

ಲೂಥರನ ವಾದ ಸರಳ. ಕಟ್ಟಳೆಯನ್ನು ಪುಸ್ತಕದಿಂದ ಹರಿದು ಹಾಕಬಹುದು, ಎದೆಯಲ್ಲಿ ಬರೆದದ್ದನ್ನು ಏನು ಮಾಡುತ್ತೀ? ಪಾಪ ಇರುವವರೆಗೆ ಅದು ಇದ್ದೇ ಇರುತ್ತದೆ. ಅದನ್ನು ಕಿತ್ತುಹಾಕಿದರೆ ಕ್ರಿಸ್ತ ಬಂದದ್ದೇಕೆಂಬುದೂ ತಿಳಿಯುವುದಿಲ್ಲ. ನಂಬಿದವನು ಒಂದೇ ಹೊತ್ತಿಗೆ ನೀತಿವಂತನೂ ಹೌದು, ಪಾಪಿಯೂ ಹೌದು. ಪಾಪಿಯ ಪಾಲಿಗೆ ಮುದುಕ ಬೇಕು. ಯುವಕನಾಗಿದ್ದಾಗ ಹೆದರಿಕೆಯಿಂದ ಸತ್ತವನೇ ಮುದುಕನಾದ ಮೇಲೆ ಹೆದರಿಕೆಯೇ ಇಲ್ಲದವರನ್ನು ಕಂಡು ಹೆದರಿದ. 1540ರಲ್ಲಿ ಅಗ್ರಿಕೋಲ ವಿಟೆನ್‌ಬರ್ಗ್ ಬಿಟ್ಟು ಬರ್ಲಿನ್ನಿನ ಅರಮನೆಯ ಬೋಧಕನಾಗಿ ಹೋದ. ಗುರುಶಿಷ್ಯರು ಮತ್ತೆ ಒಂದಾಗಲಿಲ್ಲ.

ಇದೆಲ್ಲ ಪಂಡಿತರ ಕೂದಲು ಸೀಳುವ ಕೆಲಸ ಎಂದುಕೊಳ್ಳುವವರಿಗೆ ಒಂದು ಮಾತು. ಈ ವಾಗ್ವಾದ ಶುರುವಾಗಿ ಸರಿಯಾಗಿ ನಾನೂರು ವರ್ಷಕ್ಕೆ, 1937ರಲ್ಲಿ, ಡೀಟ್ರಿಚ್ ಬಾನ್‌ಹಾಫರ್ ಎಂಬ ಲೂಥರನ್ ಪಾದ್ರಿ ಹಿಟ್ಲರನ ಜರ್ಮನಿಯಲ್ಲಿ ಕೂತು ‘ಅಗ್ಗದ ಕೃಪೆ’ಯ ವಿರುದ್ಧ ಪುಸ್ತಕ ಬರೆದ. ಕ್ಷಮೆ ಹೇಗೂ ಇದೆಯಲ್ಲ ಎಂದು ಆರಾಮಾಗಿ ಕೂತ ಸಭೆ ಏನನ್ನೆಲ್ಲ ನುಂಗಿಕೊಳ್ಳಬಲ್ಲದು ಎಂದು ಅವನು ಕಣ್ಣಾರೆ ಕಾಣುತ್ತಿದ್ದ. 1945ರ ಏಪ್ರಿಲಿನಲ್ಲಿ ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಇದನ್ನು ಓದಿದ ಮೇಲೆ ಅಗ್ರಿಕೋಲನ ಪರವಾಗಿದ್ದ ನನ್ನ ಉತ್ಸಾಹ ಕೊಂಚ ಇಳಿಯಿತು.

ಮೂರನೇ ಉಪಯೋಗ ಬಾಕಿ ಇದೆ. ಅದನ್ನು ಎಣಿಕೆಗೆ ತಂದವನು ಲೂಥರನ ಸಹೋದ್ಯೋಗಿ ಮೆಲಾಂಕ್ಥನ್. ಇದೇ ಮುಖ್ಯ ಎಂದು ಎತ್ತಿ ಹಿಡಿದವನು ಜಿನೀವಾದ ಕ್ಯಾಲ್ವಿನ್. ಕೃಪೆ ಸಿಕ್ಕವನಿಗೂ ದಾರಿ ಗೊತ್ತಾಗಬೇಕಲ್ಲ. ದೇವರಿಗೆ ಯಾವುದು ಇಷ್ಟವೆಂದು ದಿನದಿನವೂ ತಿಳಿಸುವುದು ಕಟ್ಟಳೆಯ ಕೆಲಸ. ದಾರಿ ತಿಳಿದರೂ ಮೈ ಏಳುವುದಿಲ್ಲವಾದ್ದರಿಂದ ಸೋಮಾರಿ ಕತ್ತೆಗೆ ಚಾವಟಿ ಇದ್ದ ಹಾಗೆ ಎಂದೂ ಸೇರಿಸುತ್ತಾನೆ. ನಿಷ್ಠಾವಂತ ಭಕ್ತರನ್ನು ಕತ್ತೆಗೆ ಹೋಲಿಸುವ ಧೈರ್ಯ ಈಗಿನ ಪಾದ್ರಿಗಳಿಗಿಲ್ಲ. ಜಿನೀವಾದಲ್ಲಿ ಚಾವಟಿ ಚೆನ್ನಾಗಿಯೇ ಕೆಲಸ ಮಾಡಿತು. ಅಲ್ಲಿನ ಕನ್ಸಿಸ್ಟರಿ ಎಂಬ ಹಿರಿಯರ ಸಭೆ ಗುರುವಾರ ಗುರುವಾರ ಸೇರಿ, ಕುಣಿದವರನ್ನು, ಜೂಜಾಡಿದವರನ್ನು, ಗಂಡ ಹೆಂಡಿರ ಜಗಳದವರನ್ನು ಕರೆಸಿ ವಿಚಾರಿಸುತ್ತಿತ್ತು. ಮೂರು ಶತಮಾನ ಹಿಂದೆಯೇ ಥಾಮಸ್ ಅಕ್ವಿನಾಸ್ ಹೇಳಿದ ಒಂದು ಮಾತು ಜಿನೀವಾಕ್ಕೆ ಕೇಳಿಸಿದಂತಿಲ್ಲ. ಮನುಷ್ಯರ ಕಾಯಿದೆ ಇರುವುದು ಸಾಧಾರಣ ಜನರಿಗೆ. ಅದು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲು ಹೋಗದೆ ಕೊಲೆ, ಕಳವಿನಂಥ ಭಾರಿಯವನ್ನು ತಡೆದರೆ ಸಾಕು ಎಂದಿದ್ದ ಆ ದಪ್ಪ ದೇಹದ ಸನ್ಯಾಸಿ.

ಚಾವಟಿಯ ಈ ಪಂಥದಿಂದಲೇ ನನಗೆ ತುಂಬ ಇಷ್ಟವಾದ ಪುಸ್ತಕವೂ ಬಂತು. 1563ರ ಹೈಡಲ್‌ಬರ್ಗ್ ಕ್ಯಾಟಕಿಸಂ. 129 ಪ್ರಶ್ನೋತ್ತರಗಳನ್ನು ಮೂರು ಭಾಗ ಮಾಡಿದ್ದಾರೆ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ದುರವಸ್ಥೆ ನಿನಗೆ ತಿಳಿದದ್ದು ಹೇಗೆ ಎಂದರೆ ಧರ್ಮಶಾಸ್ತ್ರದಿಂದ ಎಂದು ಮೂರನೇ ಪ್ರಶ್ನೆಯಲ್ಲೇ ಉತ್ತರವಿದೆ. ಆದರೆ ಹತ್ತು ಕಟ್ಟಳೆಗಳನ್ನು ಬಿಡಿಸಿ ವಿವರಿಸುವುದು ಅಲ್ಲಲ್ಲ, 92ನೇ ಪ್ರಶ್ನೆಯಿಂದ ಮುಂದೆ, ಕೃತಜ್ಞತೆಯ ಭಾಗದಲ್ಲಿ. ಸಾಲ ತೀರಿದ ಮೇಲೆ ಬರುವ ಮಾತು ಅದು. ಎಷ್ಟೋ ದೊಡ್ಡ ಗ್ರಂಥಗಳು ಹೇಳಲು ಹೆಣಗಿದ್ದನ್ನು ಇವರು ಅಧ್ಯಾಯ ಹಿಂದೆ ಮುಂದೆ ಮಾಡಿ ಹೇಳಿಬಿಟ್ಟರು. ನನ್ನನ್ನು ಕೇಳಿದರೆ ಈ ಜಗಳದಲ್ಲಿ ಗೆಲುವು ಲೂಥರನದಲ್ಲ, ಅಗ್ರಿಕೋಲನದಲ್ಲ, ಈ ಪರಿವಿಡಿಯದು.

“ನಿಮ್ಮ ಸಭೆಯವರು ಯಾವ ಕಡೆ ಮೇಷ್ಟ್ರೇ?” ಎಂದು ಕೇಳಿದೆ.

“ಎರಡೂ ಕಡೆ,” ಎಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಡೆಯವರು ಅವರ ಹಿರಿಯರು. ಆ ಮಿಶನ್ನಿನಲ್ಲಿ ಜರ್ಮನಿಯ ಲೂಥರನ್ನರೂ ಇದ್ದರು, ಸ್ವಿಟ್ಜರ್ಲೆಂಡಿನ ಕ್ಯಾಲ್ವಿನ್ ಕಡೆಯವರೂ ಇದ್ದರು. “ನಮಗೆ ಉಪಯೋಗ ಮೂರಲ್ಲ ರೀ, ನಾಲ್ಕು. ನಾಲ್ಕನೇದು ಯಾವ ಪುಸ್ತಕದಲ್ಲೂ ಇಲ್ಲ. ಪಕ್ಕದ ಮನೆಯವರನ್ನು ಅಳೆಯೋದು. ನಲವತ್ತು ವರ್ಷ ಸಂಡೇ ಸ್ಕೂಲು ನಡೆಸಿದೀನಿ. ಪೋಷಕರು ಬಂದು ‘ನಮ್ಮ ಹುಡುಗನಿಗೆ ಕಟ್ಟಳೆ ಕಲಿಸಿ’ ಅನ್ನೋರು. ಒಬ್ಬರೂ ‘ನನಗೆ ಕಲಿಸಿ’ ಅಂದಿಲ್ಲ.”

ಕನ್ನಡಿಯನ್ನು ಎದುರಿನವರ ಮುಖಕ್ಕೆ ಹಿಡಿಯುವ ಈ ನಾಲ್ಕನೇ ಉಪಯೋಗಕ್ಕೆ ಲೂಥರನ ಸಣ್ಣ ಪುಸ್ತಕದಲ್ಲೇ ಒಂದು ಮದ್ದಿದೆ. ಸುಳ್ಳುಸಾಕ್ಷಿ ಕೂಡದೆಂಬ ಕಟ್ಟಳೆಗೆ ಅವನು ಬರೆದ ವಿವರಣೆಯನ್ನು ನೋಡಬೇಕು. ಕೋರ್ಟು ಕಚೇರಿಯ ವಿಷಯವನ್ನೇ ಅವನು ಎತ್ತುವುದಿಲ್ಲ. ನೆರೆಯವನ ಬೆನ್ನ ಹಿಂದೆ ಆಡಿಕೊಳ್ಳದೆ, ಅವನ ಪರವಾಗಿ ಮಾತಾಡಿ, ಅವನು ಮಾಡಿದ್ದಕ್ಕೆಲ್ಲ ಆದಷ್ಟು ಒಳ್ಳೆಯ ಅರ್ಥವನ್ನೇ ಹಚ್ಚಬೇಕು ಎನ್ನುತ್ತಾನೆ. ಬೈಗುಳದಲ್ಲಿ ಯುರೋಪಿಗೇ ಹೆಸರಾದವನು ಇದನ್ನು ಬರೆದ ಎಂಬುದು ಬೇರೆ ಮಾತು. ಅಗ್ರಿಕೋಲ ಇದನ್ನು ಓದಿ ಏನೆಂದುಕೊಂಡಿರಬಹುದು!

ಈ ವಿಷಯದಲ್ಲಿ ಆಸಕ್ತಿ ಇರುವವರು ದಪ್ಪ ಗ್ರಂಥಗಳಿಗೆ ಕೈಹಾಕುವ ಮೊದಲು ಆ ಒಂದು ವಿವರಣೆ ಓದಿ. ನಾಲ್ಕೇ ಸಾಲಿನದು, ಬಸ್ಸು ಬರುವುದರೊಳಗೆ ಮುಗಿಯುತ್ತದೆ. ಹುಡುಕುವಾಗ ಮಾತ್ರ ನಂಬರಿನ ಕಡೆ ಗಮನವಿರಲಿ: ಲೂಥರನ ಪುಸ್ತಕದಲ್ಲಿ ಅದು ಎಂಟನೆಯ ಕಟ್ಟಳೆ, ಹೈಡಲ್‌ಬರ್ಗಿನವರ ಲೆಕ್ಕದಲ್ಲಿ ಒಂಬತ್ತನೆಯದು.